ಸಮಾಜಶಾಸ್ತ್ರ ಬೋಧನೆಯಲ್ಲಿ ಅನುಕರಣ ಕ್ರೀಡೆ: ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಹಿನ್ನೆಲೆಯಲ್ಲಿ

'ಸಾಮಾಜಿಕ ರಚನೆ' ಎಂಬ ಪರಿಕಲ್ಪನೆಯನ್ನು ವ್ಯಾಖ್ಯೆಯ ಮೂಲಕ ಕಲಿಸುವುದು ತರಗತಿಗಳಲ್ಲಿ ವಾಡಿಕೆ. ವಿದ್ಯಾರ್ಥಿಗಳು ವ್ಯಾಖ್ಯೆಯನ್ನು ಕಂಠಪಾಠ ಮಾಡುತ್ತಾರೆ; ಆದರೆ ತಮ್ಮ ಊರಿನ ಅಸಮಾನತೆಯನ್ನು ವಿವರಿಸಬೇಕಾದಾಗ ವ್ಯಕ್ತಿಗಳ ದುರಾಸೆಯನ್ನೇ ಕಾರಣವೆಂದು ಹೇಳಿಬಿಡುತ್ತಾರೆ. ಈ ಅಂತರವನ್ನು ತುಂಬಲು ಸಿಮ್ಯುಲೇಶನ್ ಎಂದು ಕರೆಯಲಾಗುವ ಅನುಕರಣ ಕ್ರೀಡೆಗಳು ನೆರವಾಗುತ್ತವೆ. ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಗ್ಯಾಮ್ಸನ್ 1966ರಲ್ಲಿ ರೂಪಿಸಿದ 'ಸಿಮ್‌ಸಾಕ್' ಹಾಗೂ ಗ್ಯಾರಿ ಶರ್ಟ್ಸ್ 1969ರಲ್ಲಿ ರಚಿಸಿದ 'ಸ್ಟಾರ್‌ಪವರ್' ಈ ಬಗೆಯ ಪ್ರಸಿದ್ಧ ಆಟಗಳು.

ರಾಯಚೂರು ಜಿಲ್ಲೆಯ ಈ ಸೀಮೆಯಲ್ಲಿ ಇಂಥ ಆಟಕ್ಕೆ ವಸ್ತು ಸಿದ್ಧವಾಗಿಯೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಜೋಳ, ಹತ್ತಿ, ಶೇಂಗಾದಂತಹ ಬೆಳೆಗಳಿಗಾಗಿ ವಿಶಾಲ ಪ್ರದೇಶಕ್ಕೆ ತೆಳುವಾಗಿ ಹಂಚುವುದು ಮೂಲ ಯೋಜನೆಯಾಗಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ವ್ಯಾಪಿಸಿತು. ಕೊನೆಭಾಗಕ್ಕೆ ನೀರು ತಲುಪದಾಯಿತು. ಪೀಟರ್ ಮೊಲಿಂಗಾ ಅವರ ಸಂಶೋಧನೆ ಈ ಕಾಲುವೆಯ ನೀರು ಹಂಚಿಕೆಯನ್ನೇ ಅಧ್ಯಯನ ಮಾಡಿದೆ. ಇತ್ತ ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಯಾರಿಗೆ ಎಂಬುದು ಪ್ರಶ್ನೆಯಾಗಿದೆ. ಅದರ 5ಎ ಕಾಲುವೆಗಾಗಿ ಮಸ್ಕಿ ಭಾಗದ ರೈತರು 2020–21ರಲ್ಲಿ ದೀರ್ಘ ಧರಣಿ ನಡೆಸಿದರು.

ಮನೆಮನೆಯಲ್ಲಿ ಪರಿಚಿತವಾದ ಅಳಗುಳಿ ಮಣೆಯಿಂದಲೇ ಈ ಪಾಠವನ್ನು ಆಡಿಸಬಹುದು. ಮಣೆಯ ಒಂದು ಸಾಲಿನ ಏಳು ಗುಳಿಗಳು ಕಾಲುವೆಯುದ್ದಕ್ಕೂ ಇರುವ ಏಳು ಹೊಲಗಳು. 21 ಹುಣಿಸೆ ಬೀಜಗಳು ನೀರು. ಜೋಳಕ್ಕೆ ಮೂರು ಬೀಜ ಸಾಕು, ಭತ್ತಕ್ಕೆ ಆರು ಬೇಕು. ಭತ್ತಕ್ಕೆ ಆದಾಯದ ಅಂಕ ಹೆಚ್ಚು. ಎಲ್ಲರೂ ಜೋಳ ಬೆಳೆದರೆ ಏಳೂ ಹೊಲಗಳಿಗೆ ನೀರುಂಟು. ಮೊದಲ ಮೂವರು ಭತ್ತ ಬೆಳೆದರೆ 18 ಬೀಜಗಳು ಅಲ್ಲಿಯೇ ಮುಗಿಯುತ್ತವೆ. ನಾಲ್ಕನೆಯವರಿಗೆ ಮೂರು ಉಳಿಯುತ್ತವೆ, ಕೊನೆಯ ಮೂವರಿಗೆ ಶೂನ್ಯ. ಎರಡನೆಯ ಸುತ್ತಿನಲ್ಲಿ ಸ್ಥಾನಗಳನ್ನು ಅದಲುಬದಲು ಮಾಡಬೇಕು. ಮೊದಲು ದೂರಿದವರೇ ಮೇಲ್ಭಾಗಕ್ಕೆ ಬಂದು ಭತ್ತ ಬೆಳೆದರೆ, ನಡತೆಯನ್ನು ರೂಪಿಸುವಲ್ಲಿ ಸ್ಥಾನದ ಪಾತ್ರವೇನೆಂಬುದು ಎಲ್ಲರಿಗೂ ಅನುಭವವೇದ್ಯವಾಗುತ್ತದೆ. ಮೂರನೆಯ ಸುತ್ತಿನಲ್ಲಿ ಗಳಿಸಿದ ಅಂಕಗಳಿಂದ ಇತರರ ಹೊಲ ಕೊಳ್ಳಲು ಅವಕಾಶವಿತ್ತರೆ ಭೂಮಿಯ ಕೇಂದ್ರೀಕರಣ ಕಣ್ಣೆದುರೇ ನಡೆಯುತ್ತದೆ.

ಆದರೆ ಆಟವೇ ಪಾಠವಲ್ಲ. ಮಣೆಯ ಮೇಲೆ ಸ್ಥಾನವು ಆಕಸ್ಮಿಕ. ವಾಸ್ತವದಲ್ಲಿ ಅದರ ಹಿಂದೆ ಜಾತಿ, ಭೂಒಡೆತನ, ಕರಾವಳಿ ಆಂಧ್ರದಿಂದ ಬಂದ ರೈತರ 'ಕ್ಯಾಂಪ್'ಗಳ ವಲಸೆಯ ಇತಿಹಾಸ ಇವೆ. ಹೊಲವೇ ಇಲ್ಲದ ಕೂಲಿಕಾರರಿಗೆ ಮಣೆಯಲ್ಲಿ ಗುಳಿಯೇ ಇಲ್ಲ. ಆಟದ ನಂತರದ ಚರ್ಚೆಯಲ್ಲಿ ಈ ಕೊರತೆಯನ್ನು ವಿದ್ಯಾರ್ಥಿಗಳೇ ಗುರುತಿಸುವಂತಾಗಬೇಕು. ಮೇಲ್ಭಾಗದ ಮತ್ತು ಕೊನೆಭಾಗದ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ತರಗತಿಯಲ್ಲಿ ಪರಸ್ಪರ ದೂಷಣೆಯನ್ನು ದಾಟಿ ವ್ಯವಸ್ಥೆಯನ್ನು ಪ್ರಶ್ನಿಸಲು ಕಲಿಸುವುದೇ ಈ ಬೋಧನಾ ವಿಧಾನದ ಸಾರ್ಥಕತೆ ಎನ್ನಬಹುದು.