ಬೇಸಿಗೆಯ ಅಂಗಳದಲ್ಲಿ ಎಳೆಯರ ವಿಜ್ಞಾನ

ವರ್ಷಾಂತ್ಯದ ಪರೀಕ್ಷೆಗಳು ಮುಗಿದು ಶಾಲೆ ಕಾಲೇಜುಗಳು ಬಾಗಿಲು ಮುಚ್ಚಿದೊಡನೆ, ಮನೆಯಲ್ಲಿರುವ ನಾಲ್ಕೈದು ವರ್ಷದ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವ ಹೊಣೆ ಸಾಮಾನ್ಯವಾಗಿ ಹಿರಿಯ ಮಕ್ಕಳ ಪಾಲಿಗೆ ಬರುತ್ತದೆ. ಕೆಲವರು ಕಾಗುಣಿತದ ಪುಸ್ತಕವನ್ನು ಬಿಡಿಸಿ, ಮಗುವನ್ನು ಮುಂದೆ ಕೂರಿಸಿಕೊಂಡು, ರಜೆಯನ್ನು ಮತ್ತೊಂದು ಶಾಲೆಯನ್ನಾಗಿ ಮಾಡುತ್ತಾರೆ. ಇನ್ನು ಕೆಲವರು ಅದರ ಕೈಗೆ ಮೊಬೈಲನ್ನು ಕೊಟ್ಟು ತಾವು ಪಾರಾಗುತ್ತಾರೆ. ಇವೆರಡೂ ಅಲ್ಲದ ಇನ್ನೊಂದು ದಾರಿಯುಂಟು. ಅದಕ್ಕೆ ಬೇಕಾದುದು ಒಂದಿಷ್ಟು ನೀರು, ಒಂದು ಸೀಮೆಸುಣ್ಣದ ತುಂಡು, ತಿಂದೆಸೆದ ಮಾವಿನ ಓಟೆ. ಇವುಗಳಿಗಿಂತ ಹೆಚ್ಚಾಗಿ, ಬಾಯಿ ಮುಚ್ಚಿಕೊಂಡು ನೋಡುತ್ತಿರುವ ತಾಳ್ಮೆ.

ನೀರಿನಿಂದಲೇ ಆರಂಭಿಸೋಣ. ಒಂದೇ ಆಕಾರದ ಎರಡು ಲೋಟಗಳಲ್ಲಿ ಸಮನಾಗಿ ನೀರನ್ನು ತುಂಬಿ ಮಗುವಿಗೆ ತೋರಿಸಿರಿ. ಎರಡರಲ್ಲಿಯೂ ನೀರು ಅಷ್ಟೇ ಇದೆಯೆಂದು ಅದು ಒಪ್ಪಿದ ಮೇಲೆ, ಒಂದು ಲೋಟದ ನೀರನ್ನು ಅದರ ಕಣ್ಣೆದುರಿಗೇ ಕಿರಿದಾದ ಉದ್ದನೆಯ ಪಾತ್ರೆಗೆ ಸುರಿಯಿರಿ. ಈಗ ಯಾವುದರಲ್ಲಿ ನೀರು ಹೆಚ್ಚೆಂದು ಕೇಳಿದರೆ, ನಾಲ್ಕೈದು ವರ್ಷದ ಮಕ್ಕಳಲ್ಲಿ ಬಹುಮಂದಿ ಉದ್ದನೆಯ ಪಾತ್ರೆಯನ್ನೇ ತೋರಿಸುತ್ತಾರೆ. ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ದೀರ್ಘಕಾಲ ಅಭ್ಯಸಿಸಿದ ಝಾನ್ ಪಿಯಾಜೆ (೧೮೯೬–೧೯೮೦) ಎಂಬ ವಿಜ್ಞಾನಿಯು ಈ ಪ್ರಯೋಗವನ್ನು ೧೯೪೧ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಎಳೆಯ ಮಗುವು ಎತ್ತರವನ್ನು ಗಮನಿಸಿದಾಗ ಅಗಲವನ್ನು ಮರೆಯುತ್ತದೆ. ಅಗಲವನ್ನು ಗಮನಿಸಿದಾಗ ಎತ್ತರವನ್ನು ಮರೆಯುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದು, 'ಮತ್ತೆ ಹಿಂದಕ್ಕೆ ಸುರಿದರೆ ಮೊದಲಿನಷ್ಟೇ ಆಗುವುದಲ್ಲ' ಎಂದು ಮನಸ್ಸಿನಲ್ಲಿಯೇ ಹಿಮ್ಮುಖವಾಗಿ ನಡೆಯುವ ಶಕ್ತಿ ಬರುವುದು ಸುಮಾರು ಏಳರ ಹರೆಯದಲ್ಲಿ ಎಂಬುದು ಅವನ ಅಭಿಪ್ರಾಯ.

ಈ ಪ್ರಯೋಗಕ್ಕೆ ಒಂದು ಉತ್ತರಕಥೆಯುಂಟು. ನಮ್ಮ ವಿಷಯಕ್ಕೆ ಅದೇ ಹೆಚ್ಚು ಮುಖ್ಯವಾದುದು. ೧೯೭೦ರ ದಶಕದಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಎಂಬವರು ಇಂಥದೇ ಪರೀಕ್ಷೆಯನ್ನು ಬಿಲ್ಲೆಗಳ ಎರಡು ಸಾಲುಗಳಿಂದ ಮಾಡಿದರು. ಸಮಸಂಖ್ಯೆಯ ಎರಡು ಸಾಲುಗಳಲ್ಲಿ ಒಂದನ್ನು ದೊಡ್ಡವರೇ ಅಗಲಿಸಿ ಇಟ್ಟು ಮತ್ತೆ ಪ್ರಶ್ನಿಸಿದಾಗ, ಸಂಖ್ಯೆ ಬದಲಾಗಿಲ್ಲವೆಂದು ಹೇಳಿದ ಮಕ್ಕಳು ಕೆಲವರೇ. ಆದರೆ ತುಂಟ ಕರಡಿಗೊಂಬೆಯೊಂದು ಬಂದು ಸಾಲನ್ನು ಕೆಡಿಸಿದಂತೆ ನಟಿಸಿ ಅದೇ ಪ್ರಶ್ನೆಯನ್ನು ಕೇಳಿದಾಗ, ಅದೇ ವಯಸ್ಸಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸರಿಯಾಗಿ ಉತ್ತರಿಸಿದರು! ಬಿಲ್ಲೆಗಳು ಅವೇ, ಪ್ರಶ್ನೆಯೂ ಅದೇ. ವ್ಯತ್ಯಾಸವೆಲ್ಲಿ? ದೊಡ್ಡವರು ಬೇಕೆಂದೇ ಏನನ್ನೋ ಮಾಡಿ ಎರಡನೆಯ ಸಲ ಕೇಳಿದರೆ, ಮೊದಲಿನ ಉತ್ತರವನ್ನು ಬದಲಾಯಿಸಬೇಕೆಂದೇ ಅವರು ಸೂಚಿಸುತ್ತಿದ್ದಾರೆಂದು ಮಗುವು ಊಹಿಸುವಂತೆ ತೋರುತ್ತದೆ. ಎಂದರೆ ಅದು ಬಿಲ್ಲೆಗಳನ್ನು ನೋಡುವುದನ್ನು ಬಿಟ್ಟು ನಮ್ಮ ಮುಖವನ್ನು ನೋಡತೊಡಗುತ್ತದೆ. ಮನೆಯಲ್ಲಿ ಪಾಠ ಹೇಳುವ ಅಣ್ಣ ಅಕ್ಕಂದಿರು 'ಸರಿಯಾಗಿ ನೋಡಿ ಹೇಳು' ಎಂದು ಗದರಿದಾಗಲೂ ಆಗುವುದು ಇದೇ.

ಆದುದರಿಂದ ಪರೀಕ್ಷೆಯನ್ನು ಬದಿಗಿಟ್ಟು ಪಾತ್ರೆಗಳನ್ನು ಮಗುವಿಗೇ ಒಪ್ಪಿಸುವುದು ಲೇಸು. ಬಚ್ಚಲುಮನೆಯ ಮುಂದೆ ಒಂದು ಬೋಗುಣಿ ನೀರು, ಎರಡು ತಂಬಿಗೆ, ಒಂದು ಆಲಿಕೆ, ತೂತಿರುವ ಒಂದು ಡಬ್ಬಿ ಇದ್ದರೆ ಒಂದು ಮುಂಜಾನೆ ಕಳೆದುಹೋಗುತ್ತದೆ. ಸುರಿದು ಸುರಿದು ನೋಡಿದ ಕೈಗೆ ನೀರಿನ ಪ್ರಮಾಣವು ತಾನಾಗಿಯೇ ಅರಿವಾಗುವ ದಿನ ಬರುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು: ಎಳೆಯ ಮಗುವಿಗೆ ಗೇಣುದ್ದದ ನೀರೂ ಅಪಾಯಕರ. ಮಗುವನ್ನು ನೀರಿನ ಬಳಿ ಒಂಟಿಯಾಗಿ ಬಿಡದೆ, ಆಟ ಮುಗಿದೊಡನೆ ಪಾತ್ರೆಗಳನ್ನು ಬರಿದುಮಾಡಬೇಕು.

ನೀರಿನಲ್ಲಿ ಕುಂಚವನ್ನದ್ದಿ ಗೋಡೆಗೆ 'ಬಣ್ಣ' ಬಳಿಯುವುದು ಮತ್ತೊಂದು ಸೊಗಸಾದ ಆಟ. ಬಿಸಿಲಿನ ಗೋಡೆಯ ಮೇಲೆ ಬರೆದ ಆನೆ ನೋಡುತ್ತಿರುವಂತೆಯೇ ಕರಗಿಹೋಗುತ್ತದೆ. ನೆರಳಿನ ಗೋಡೆಯ ಆನೆ ಕೆಲಹೊತ್ತು ನಿಲ್ಲುತ್ತದೆ. ಬೇಸಿಗೆಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಶಾಖ ಬೇಕೆಂದೂ, ಆ ಶಾಖವನ್ನು ನೀರು ತನ್ನಿಂದಲೂ ತನ್ನ ಸುತ್ತಲಿನಿಂದಲೂ ಹೀರುವುದರಿಂದಲೇ ಮಣ್ಣಿನ ಹೂಜಿಯ ನೀರು ತಂಪಾಗಿರುವುದೆಂದೂ ನಿಮಗೆ ಗೊತ್ತಿದೆ. ಮಗುವಿಗೆ ಅದನ್ನು ಹೇಳುವ ಅವಶ್ಯಕತೆಯಿಲ್ಲ. ಅದರ ಒದ್ದೆ ಕೈಗೆ ಒಮ್ಮೆ ಬೀಸಣಿಗೆಯಿಂದ ಗಾಳಿ ಹಾಕಿದರೆ ಸಾಕು.

ಕರ್ನಾಟಕದ ಬೇಸಿಗೆಗೆ ಉತ್ತರ ಭಾರತದ ಮಕ್ಕಳಿಗಿಲ್ಲದ ಒಂದು ಭಾಗ್ಯವಿದೆ. ಭೂಮಿಯ ಅಕ್ಷವು ಸುಮಾರು ೨೩.೫ ಡಿಗ್ರಿ ಓರೆಯಾಗಿರುವುದರಿಂದ, ಸೂರ್ಯನು ನೆತ್ತಿಯ ಮೇಲೆ ನೇರವಾಗಿ ಬರುವುದು ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಿಗೆ ಮಾತ್ರ. ದೆಹಲಿಯಲ್ಲಿ ಅದು ಎಂದಿಗೂ ಸಂಭವಿಸದು. ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಅದು ಏಪ್ರಿಲ್ ೨೪ ಅಥವಾ ೨೫ರಂದು, ಗಡಿಯಾರದಲ್ಲಿ ಹನ್ನೆರಡೂಕಾಲು ದಾಟಿದ ಒಂದೆರಡು ನಿಮಿಷಕ್ಕೆ ನಡೆಯುತ್ತದೆ. ಮೈಸೂರಿನಲ್ಲಿ ಒಂದೆರಡು ದಿನ ಮೊದಲು, ಧಾರವಾಡದಲ್ಲಿ ಮೇ ೨–೩ರ ಸುಮಾರಿಗೆ, ಕಲಬುರಗಿಯಲ್ಲಿ ಮೇ ೯–೧೦ರ ಸುಮಾರಿಗೆ. ರಜೆಯ ನಟ್ಟನಡುವೆಯೇ! ಅಂದು ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಕ್ಷಣದಲ್ಲಿ ನೆರಳೇ ಇರುವುದಿಲ್ಲ.

ಆದರೆ ಆ ಒಂದು ದಿನವನ್ನು ಮಾತ್ರ ತೋರಿಸಿದರೆ ಮಗುವಿಗೆ ಅದೊಂದು ಜಾದೂ ಆಗಿಬಿಡುತ್ತದೆ. ಹತ್ತು ಹದಿನೈದು ದಿನ ಮೊದಲೇ ಅಂಗಳದಲ್ಲಿ ಒಂದು ಜಾಗವನ್ನು ಗೊತ್ತುಮಾಡಿ, ಬೆಳಿಗ್ಗೆ ಎಂಟಕ್ಕೆ ಮಗುವನ್ನು ಅಲ್ಲಿ ನಿಲ್ಲಿಸಿ ಅದರ ನೆರಳಿನ ಅಂಚನ್ನು ಸೀಮೆಸುಣ್ಣದಿಂದ ಗೆರೆಯೆಳೆಯಿರಿ, ಹತ್ತಕ್ಕೆ ಮತ್ತೊಮ್ಮೆ. ನಡುಹಗಲಿನ ಗೆರೆಯನ್ನು ಮಗುವಿನ ಬದಲು ಒಂದು ಕೋಲಿನ ನೆರಳಿನಿಂದ ಎಳೆದರೆ ಬಿಸಿಲಿನ ಬಾಧೆ ತಪ್ಪುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ಮೂರನೆಯ ವಾರದವರೆಗೆ ಉತ್ತರಕ್ಕೆ ಬೀಳುತ್ತಿದ್ದ ನಡುಹಗಲಿನ ನೆರಳು, ದಿನದಿನಕ್ಕೆ ಕುಗ್ಗಿ, ಇಲ್ಲವಾಗಿ, ಆಮೇಲೆ ದಕ್ಷಿಣಕ್ಕೆ ಚಾಚತೊಡಗುತ್ತದೆ. ಆಗಸ್ಟ್ ೧೮ರ ಸುಮಾರಿನವರೆಗೂ ಆ ಕಡೆಗೇ ಇರುತ್ತದೆ. ನೆರಳು ಮಗ್ಗುಲು ಬದಲಿಸಿತೆಂದು ಮಗುವೇ ಬಂದು ಹೇಳುವವರೆಗೆ ಕಾಯಿರಿ. ಹೇಳದಿದ್ದರೂ ನಷ್ಟವಿಲ್ಲ, ಮುಂದಿನ ಬೇಸಿಗೆ ಇದ್ದೇ ಇದೆ. ಸೂರ್ಯನ ಕಡೆಗೆ ನೆಟ್ಟ ದೃಷ್ಟಿಯಿಂದ ನೋಡಬಾರದೆಂಬುದನ್ನು ಮಾತ್ರ ಮೊದಲೇ ಖಂಡಿತವಾಗಿ ತಿಳಿಸಿಬಿಡಬೇಕು.

ಬಿಸಿಲು ಏರಿದ ಮೇಲೆ ಒಳಗೆ ಕುಳಿತು ಆಡಲು ಅಳಗುಳಿಮಣೆ ಇದೆ. (ತುಳುನಾಡಿನವರು ಇದನ್ನು ಚೆನ್ನೆಮಣೆಯೆಂದು ಕರೆದು ಆಟಿ ತಿಂಗಳ ಮಳೆಗಾಲಕ್ಕೆ ಮೀಸಲಿಡುತ್ತಾರೆ, ಅವರು ಕ್ಷಮಿಸಬೇಕು.) ಹದಿನಾಲ್ಕು ಗುಳಿಗಳಲ್ಲಿ ನಾಲ್ಕು ನಾಲ್ಕರಂತೆ ಹುಣಸೆಬೀಜಗಳನ್ನು ತುಂಬುವಾಗಲೇ ಮಗುವಿನ ಎಣಿಕೆ ಮೊದಲಾಗುತ್ತದೆ. ಗುಲಗಂಜಿಯನ್ನು ಮಾತ್ರ ಬಳಸಬೇಡಿರಿ. ಅದರ ಚೆಂದದ ಕೆಂಪು ಸಿಪ್ಪೆಯೊಳಗೆ ಅಬ್ರಿನ್ ಎಂಬ ಉಗ್ರವಾದ ವಿಷವಿದೆ; ಬೀಜವನ್ನು ಅಗಿದರೆ ಪ್ರಾಣಕ್ಕೇ ಅಪಾಯ. ಏನನ್ನಾದರೂ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಹುಣಸೆಬೀಜವೂ ಬೇಡ.

ಇನ್ನು ಮಾವಿನ ಓಟೆ. ಅನೇಕ ಬೀಜಗಳನ್ನು ಒಣಗಿಸಿ ವರ್ಷಗಟ್ಟಲೆ ಇಡಬಹುದು. ಮಾವಿನ ಬೀಜ ಹಾಗಲ್ಲ. ಒಣಗಿದರೆ ಅದು ಕೆಲವೇ ವಾರಗಳಲ್ಲಿ ಸತ್ತುಹೋಗುತ್ತದೆ. ಆದ್ದರಿಂದ ಹಣ್ಣು ತಿಂದ ಒಂದೆರಡು ದಿನಗಳಲ್ಲಿಯೇ ಅದನ್ನು ನೆರಳಿನ ಒದ್ದೆ ಮಣ್ಣಿನಲ್ಲಿ ಹುಗಿಯಬೇಕು. ಎರಡು ಮೂರು ವಾರಗಳಲ್ಲಿ ಮೊಳಕೆ ಕಾಣಿಸೀತು. ಆಪೂಸಿನ ಓಟೆಯಿಂದ ಬರುವುದು ಸಾಮಾನ್ಯವಾಗಿ ಒಂದೇ ಸಸಿ. ಆದರೆ ಕರಾವಳಿಯ ಬಪ್ಪಕಾಯಿ, ಒಲೂರು ಮುಂತಾದ ಜಾತಿಗಳ ಒಂದೇ ಓಟೆಯಿಂದ ಎರಡು ಮೂರು ಸಸಿಗಳು ಏಳುವುದುಂಟು. ಅವುಗಳಲ್ಲಿ ಹೆಚ್ಚಿನವು ಪರಾಗಸ್ಪರ್ಶದ ಫಲವಲ್ಲ. ತಾಯಿಮರದ ಅಂಗಾಂಶದಿಂದಲೇ ಮೂಡಿ ತಾಯಿಯ ಗುಣವನ್ನೇ ಪಡೆದವು. ಸಸ್ಯಶಾಸ್ತ್ರವನ್ನು ಓದುವವರು ಇದನ್ನು ಬಹುಭ್ರೂಣತೆಯೆಂದು ಪುಸ್ತಕದಲ್ಲಿ ಕಂಡಿರಬಹುದು, ಕುಂಡದಲ್ಲಿ ಕಂಡವರು ಕಡಿಮೆ.

ಎರಡನೆಯ ಓಟೆಯನ್ನು ಮೊಳೆತೊಡನೆ ಕಿತ್ತು, ಹೊರಕವಚವನ್ನು ಬಿಡಿಸಿ, ಒಳಗಿನ ಬೀಜದ ಒಂದು ತುದಿಯನ್ನು ಕಲ್ಲಿನ ಮೇಲೆ ಓರೆಯಾಗಿ ಉಜ್ಜಿ ಊದಿದರೆ, ಎರಡು ಬೀಜದಳಗಳ ನಡುವಣ ಸೀಳಿನಲ್ಲಿ ಗಾಳಿ ನುಗ್ಗಿ ದಳಗಳ ಅಂಚು ಅದುರಿ ಪೀಪಿಯ ಸ್ವರ ಹೊರಡುತ್ತದೆ. ಎಷ್ಟು ಉಜ್ಜಬೇಕೆಂಬುದಕ್ಕೆ ಲೆಕ್ಕವಿಲ್ಲ. ಮೊದಲ ಮೂರು ನಾಲ್ಕು ಪೀಪಿಗಳು ಮೂಕವಾಗಿಯೇ ಉಳಿಯುತ್ತವೆ. ಐದನೆಯದು ಕೂಗಿದ ಮೇಲೆ ಮನೆಯವರು ಮಧ್ಯಾಹ್ನದ ನಿದ್ದೆಯ ಆಸೆಯನ್ನು ಬಿಡಬೇಕಾಗುತ್ತದೆ.