ಪೆಟ್ಟಿಗೆಯೊಳಗೆ ಮಾಗಿದ ಹವಾನಾ

ಹವಾನಾದಿಂದ ಹೊಸದಾಗಿ ಬಂದ ಸಿಗಾರ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಎಷ್ಟೋ ಸಲ ಮೊದಲು ಮೂಗಿಗೆ ಬಡಿಯುವುದು ಅಮೋನಿಯಾದ ಘಾಟು. ಹಚ್ಚಿದರೆ ನಾಲಿಗೆ ಕಹಿ, ಗಂಟಲಲ್ಲಿ ಕೆರೆತ. ಅದೇ ಪೆಟ್ಟಿಗೆಯನ್ನು ತಂಪಾದ, ಹದವಾದ ತೇವವಿರುವ ಜಾಗದಲ್ಲಿ ಹತ್ತು ಹದಿನೈದು ವರ್ಷ ಮುಚ್ಚಿಟ್ಟು, ಆಮೇಲೆ ಅದರದೇ ಇನ್ನೊಂದು ಸಿಗಾರ್ ಹಚ್ಚಿದರೆ ಘಾಟು ಅಡಗಿರುತ್ತದೆ, ಹೊಗೆ ಮೆತ್ತಗಾಗಿರುತ್ತದೆ, ಮೊದಲು ಕಹಿಯ ಹಿಂದೆ ಅಡಗಿದ್ದ ರುಚಿಗಳು ಒಂದೊಂದಾಗಿ ಮುಂದೆ ಬರುತ್ತವೆ. ದುಬಾರಿ ಸಿಗಾರಿನ ವ್ಯಾಪಾರದಲ್ಲಿ ಇಂದು ಇದು ಎಲ್ಲರಿಗೂ ಗೊತ್ತು. ಆದರೆ ಕಂಡುಹಿಡಿದವರು ಯಾರೆಂದು ಕೇಳಿದರೆ ಒಂದು ಹೆಸರು ಸಿಗುವುದಿಲ್ಲ. ಸಿಗಾರ್ ಸುತ್ತುವವರು ಅಂದಂದಿನ ಸುತ್ತನ್ನು ಅಂದೇ ಸೇದಿಬಿಡುತ್ತಿದ್ದರು. ಇದನ್ನು ಕಂಡುಕೊಂಡವರು ಸರಕು ತಡವಾಗಿ ಕೈಸೇರಿದವರು, ಮಾರದೆ ಇಟ್ಟುಕೊಂಡವರು, ಯುದ್ಧ ಮತ್ತು ನಿರ್ಬಂಧಗಳಿಗೆ ಹೆದರಿ ಕೂಡಿಟ್ಟವರು.

ಎಲೆಯ ಕತೆ ಹಳೆಯದು. 1492ರ ನವೆಂಬರಿನಲ್ಲಿ ಕೊಲಂಬಸ್ ಕಳಿಸಿದ ಇಬ್ಬರು, ರೊಡ್ರಿಗೊ ದೆ ಹೆರೆಸ್ ಮತ್ತು ಲೂಯಿಸ್ ದೆ ಟೊರೆಸ್, ಕ್ಯೂಬಾದ ಒಳನಾಡಿನಲ್ಲಿ ಜನ ಎಲೆಯ ಸುರುಳಿಗೆ ಕೆಂಡ ತಾಗಿಸಿ ಹೊಗೆ ಎಳೆಯುವುದನ್ನು ಕಂಡುಬಂದರು. ಆ ಎಲೆ ಯುರೋಪಿಗೆ ಹೋಯಿತು. ಸುತ್ತಿದ ಸಿಗಾರ್ ಮಾತ್ರ ದೊಡ್ಡ ಪ್ರಮಾಣದಲ್ಲಿ ಹಡಗು ಹತ್ತಲು ಮೂರು ಶತಮಾನ ಕಾಯಬೇಕಾಯಿತು. 1717ರಿಂದ ಸ್ಪೇನಿನ ದೊರೆ ಕ್ಯೂಬಾದ ತಂಬಾಕನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿದ್ದ. 1817ರಲ್ಲಿ ಆ ಕಟ್ಟು ಸಡಿಲವಾದ ಮೇಲೆಯೇ ಹವಾನಾದಲ್ಲಿ ಖಾಸಗಿ ಕಾರ್ಖಾನೆಗಳು ಸಾಲುಗಟ್ಟಿದವು: 1844ರಲ್ಲಿ ಎಚ್. ಅಪ್‌ಮನ್, 1845ರಲ್ಲಿ ಪಾರ್ತಗಾಸ್, 1875ರಲ್ಲಿ ರೋಮಿಯೊ ಇ ಹುಲಿಯೆತಾ.

ಮಾಗುವ ಗುಣ ಎಲೆಗೆ ಎಲ್ಲಿಂದ ಬಂತು ಎನ್ನುವುದಕ್ಕೆ ಅದನ್ನು ಹದಗೊಳಿಸುವ ಕ್ರಮ ನೋಡಬೇಕು. ಹುಣಸೂರು, ಪಿರಿಯಾಪಟ್ಟಣದ ರೈತರು ಹೊಗೆಸೊಪ್ಪನ್ನು ಬ್ಯಾರನ್‌ಗೆ ಏರಿಸಿ, ಕೊಳವೆಯ ಬಿಸಿಯಲ್ಲಿ ಕೆಲವೇ ದಿನಗಳಲ್ಲಿ ಹಳದಿಗೆ ತಂದು ಒಣಗಿಸುತ್ತಾರೆ. ಅದು ಸಿಗರೇಟಿಗೆ ಹೋಗುವ ಎಲೆ. ಬೇಗ ಒಣಗಿದ ಅದರಲ್ಲಿ ಸಕ್ಕರೆ ಉಳಿಯುತ್ತದೆ. ಕ್ಯೂಬಾದ ಪಶ್ಚಿಮ ತುದಿಯ ವುವೆಲ್ತಾ ಅಬಾಹೊದಲ್ಲಿ ಎಲೆಯನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕುತ್ತಾರೆ. ಹಸಿರು ನಿಧಾನವಾಗಿ ಕಂದಿಗೆ ತಿರುಗುತ್ತದೆ, ಸಕ್ಕರೆ ಕರಗಿಹೋಗುತ್ತದೆ. ಆಮೇಲೆ ಎಲೆಗೆ ತೇವ ಕೊಟ್ಟು ಮೆದೆ ಒಟ್ಟುತ್ತಾರೆ. ಎಲೆ ಹುದುಗುತ್ತ ಮೆದೆಯ ಒಡಲು ತಾನಾಗಿ ಬಿಸಿಯೇರುತ್ತದೆ. ಬಿಸಿ ಮಿತಿ ಮೀರುವ ಮೊದಲು ಅದನ್ನು ಬಿಚ್ಚಿ, ಗಾಳಿಯಾಡಿಸಿ, ಒಳಗಿನ ಎಲೆ ಹೊರಗೆ, ಹೊರಗಿನದು ಒಳಗೆ ಬರುವಂತೆ ಮತ್ತೆ ಒಟ್ಟುತ್ತಾರೆ. ಪ್ರೋಟೀನು ಒಡೆದು ಅಮೋನಿಯಾ ಹೊರಬೀಳುತ್ತದೆ, ನಿಕೋಟಿನ್ ಕೊಂಚ ಇಳಿಯುತ್ತದೆ. ಗಿಡದ ತುದಿಯ ದಪ್ಪ ಎಲೆಯಾದ ಲಿಹೆರೊಗೆ ಈ ಉಪಚಾರ ಹೆಚ್ಚು ಕಾಲ ಬೇಕು. ಬುಡದ ತೆಳು ಎಲೆಯಾದ ವೊಲಾದೊಗೆ ಕಡಿಮೆ ಸಾಕು.

ಮೆದೆ ಬಿಚ್ಚಿ ಎಲೆ ಒಣಗಿದರೂ ಈ ಕೆಲಸ ಪೂರ್ತಿ ನಿಲ್ಲುವುದಿಲ್ಲ. ಸಿಗಾರ್ ಸುತ್ತುವಾಗ ಹರಿಯದಿರಲೆಂದು ಎಲೆಗೆ ಮತ್ತೆ ತೇವ ಹಾಕುತ್ತಾರೆ. ತೇವ ಬಿದ್ದ ಕೂಡಲೇ ಅರ್ಧಕ್ಕೆ ನಿಂತಿದ್ದ ಹುದುಗು ಮತ್ತೆ ಚುರುಕಾಗುತ್ತದೆ. ಸುತ್ತಿದ ಸಿಗಾರುಗಳನ್ನು ಸೆಡಾರ್ ಕಪಾಟುಗಳ ಕೋಣೆಯಲ್ಲಿ ಕೆಲವು ವಾರ ಇರಿಸಿ ಹೆಚ್ಚಿನ ತೇವ ಇಳಿಸುತ್ತಾರಾದರೂ, ಒಳಗಿನ ದಪ್ಪ ಎಲೆ ಇನ್ನೂ ಅಮೋನಿಯಾ ಬಿಡುತ್ತಲೇ ಇರುತ್ತದೆ. ಕಾರ್ಖಾನೆ ಸರಕನ್ನು ಕಳಿಸಿಕೊಡುವುದು ಇಂಥ ಸ್ಥಿತಿಯಲ್ಲೇ. ಅಟ್ಲಾಂಟಿಕ್ ದಾಟಿ, ಸುಂಕದ ಕಟ್ಟೆಯ ಗೋದಾಮಿನಲ್ಲಿ ಕೂತು, ಅಂಗಡಿಯ ಕಪಾಟಿಗೆ ಬರುವ ಹೊತ್ತಿಗೆ ಎಷ್ಟೋ ತಿಂಗಳು ಕಳೆದಿರುತ್ತಿದ್ದವು. ಮಾಗಿಸಬೇಕೆಂದು ಯಾರೂ ಲೆಕ್ಕ ಹಾಕಿರಲಿಲ್ಲ. ದೂರವೇ ಆ ಕೆಲಸ ಮಾಡುತ್ತಿತ್ತು.

ಈ ವ್ಯತ್ಯಾಸವನ್ನು ವ್ಯಾಪಾರವಾಗಿ ಬೆಳೆಸಿದ್ದು ಲಂಡನ್ನಿನ ಅಂಗಡಿಗಳು. ಹೊಸ ಸರಕನ್ನು ತಕ್ಷಣ ಮಾರದೆ, ಕೋಣೆಯಲ್ಲಿ ಹದಕ್ಕೆ ಬರಲು ಬಿಟ್ಟು ಮಾರುವುದು ಅಲ್ಲಿ ರೂಢಿಯಾಯಿತು. ಶ್ರೀಮಂತ ಗಿರಾಕಿಗಳು ಒಮ್ಮೆಗೇ ಹಲವು ಪೆಟ್ಟಿಗೆ ಕೊಂಡು, ಅವನ್ನು ಅಂಗಡಿಯಲ್ಲೇ ತಮ್ಮ ಹೆಸರಿನಲ್ಲಿ ಇಡಿಸತೊಡಗಿದರು. ಸೇಂಟ್ ಜೇಮ್ಸ್ ಬೀದಿಯ ರಾಬರ್ಟ್ ಲೂಯಿಸ್ ಅಂಗಡಿಯಲ್ಲಿ 1900ರ ಆಗಸ್ಟಿನಲ್ಲಿ ಲೆಕ್ಕ ತೆರೆದ ವಿನ್‌ಸ್ಟನ್ ಚರ್ಚಿಲ್ ಬದುಕಿನುದ್ದಕ್ಕೂ ಅಲ್ಲಿನ ಗಿರಾಕಿಯಾಗಿದ್ದರು. 1907ರಲ್ಲಿ ಡ್ಯೂಕ್ ಬೀದಿಯಲ್ಲಿ ಶುರುವಾದ ಆಲ್ಫ್ರೆಡ್ ಡನ್‌ಹಿಲ್ ಅಂಗಡಿಯಲ್ಲೂ ಗಿರಾಕಿಗಳ ಸಿಗಾರುಗಳನ್ನು ಕಾದಿಡುವ ವ್ಯವಸ್ಥೆ ಇತ್ತು. 1941ರ ಏಪ್ರಿಲ್‌ನಲ್ಲಿ ಜರ್ಮನ್ ಬಾಂಬ್ ದಾಳಿಗೆ ಆ ಅಂಗಡಿ ನೆಲಸಮವಾದಾಗ, ಅಪರಾತ್ರಿಯಲ್ಲೇ ಚರ್ಚಿಲ್ಲರಿಗೆ ಫೋನು ಮಾಡಿ ಅವರ ಸಿಗಾರುಗಳು ಸುರಕ್ಷಿತವಾಗಿವೆ ಎಂದು ತಿಳಿಸಿದರಂತೆ. ಊರು ಉರಿಯುತ್ತಿರುವಾಗಲೂ ಆ ಪೆಟ್ಟಿಗೆಗಳ ಚಿಂತೆ ಮಾಡಿದ್ದರೆಂದರೆ, ಹಳೆಯ ಸರಕಿಗೆ ಹೊಸದು ಸಾಟಿಯಲ್ಲ ಎಂಬ ನಂಬಿಕೆ ಆ ವೇಳೆಗೆ ಅಲ್ಲಿ ಎಷ್ಟು ಬೇರೂರಿತ್ತೆಂದು ಊಹಿಸಬಹುದು.

ನಂಬಿಕೆಯನ್ನು ಕ್ರಮವಾಗಿ ತಿರುಗಿಸಿದವರಲ್ಲಿ ದೊಡ್ಡ ಹೆಸರು ಜಿನೋ ದವಿಡಾಫ್. 1906ರಲ್ಲಿ ಕೀವ್‌ನಲ್ಲಿ ಹುಟ್ಟಿ, ಬಾಲ್ಯದಲ್ಲೇ ಮನೆಯವರೊಂದಿಗೆ ಜಿನೀವಾಕ್ಕೆ ಬಂದವರು. ಅಪ್ಪನದು ತಂಬಾಕಿನ ಅಂಗಡಿ. ಇಪ್ಪತ್ತರ ಆಸುಪಾಸಿನಲ್ಲಿ ದಕ್ಷಿಣ ಅಮೆರಿಕ ಸುತ್ತಿ, ಕ್ಯೂಬಾದಲ್ಲಿ ಎಲೆಯ ಕೆಲಸ ಕಲಿತು, 1930ರ ಸುಮಾರಿಗೆ ಜಿನೀವಾಕ್ಕೆ ಮರಳಿದರು. ಕ್ಯೂಬಾದ ಬೆಚ್ಚನೆಯ ತೇವಗಾಳಿಗೂ ಯುರೋಪಿನ ಚಳಿಗಾಲದಲ್ಲಿ ಕಾಯಿಸಿದ ಕೋಣೆಗಳ ಒಣಗಾಳಿಗೂ ಇರುವ ಅಂತರವೇ ಸಿಗಾರನ್ನು ಕೆಡಿಸುತ್ತಿದೆ ಎಂಬುದು ಅವರಿಗೆ ಹೊಳೆದಿತ್ತು. ಅಂಗಡಿಯ ನೆಲಮಾಳಿಗೆಯಲ್ಲಿ ಉಷ್ಣತೆ, ತೇವ ಎರಡನ್ನೂ ಹತೋಟಿಯಲ್ಲಿಟ್ಟು ಸಿಗಾರುಗಳನ್ನು ಇರಿಸಿದರು. ಇಂದು ಸಿಗಾರ್ ಕಾದಿಡುವವರೆಲ್ಲ ಪಾಲಿಸುವ ಲೆಕ್ಕ ಹೆಚ್ಚುಕಡಿಮೆ ಅದೇ ಜಾಡಿನದು: ತೇವ ಶೇಕಡಾ 65ರಿಂದ 70, ಉಷ್ಣತೆ 16ರಿಂದ 18 ಡಿಗ್ರಿ ಸೆಲ್ಸಿಯಸ್. ತೇವ ಹೆಚ್ಚಾದರೆ ಬೂಷ್ಟು, ಕಡಿಮೆಯಾದರೆ ಎಲೆಯ ಎಣ್ಣೆ ಆರಿ ಬರೀ ಒಣ ಕಾಗದದ ರುಚಿ. ಸೆಖೆ 25 ಡಿಗ್ರಿ ಮೀರಿದರೆ ಎಲೆಯೊಳಗಿನ ಮೊಟ್ಟೆಗಳು ಒಡೆದು ತಂಬಾಕಿನ ಹುಳ ಹೊರಬಂದು ಪೆಟ್ಟಿಗೆಯನ್ನೇ ತೂತು ತೂತು ಮಾಡುತ್ತದೆ.

ಇಷ್ಟಾದರೂ ಇಪ್ಪತ್ತು, ಮೂವತ್ತು ವರ್ಷಗಳ ಸಿಗಾರ್ ಹೇಗಿರುತ್ತದೆಂದು ತಿಳಿಯಲು ಅಷ್ಟು ಕಾಲ ಯಾರಾದರೂ ಮುಟ್ಟದೆ ಇಟ್ಟಿರಬೇಕಲ್ಲ? ಅದನ್ನು ರಾಜಕೀಯ ಮಾಡಿಕೊಟ್ಟಿತು. 1960ರಲ್ಲಿ ಕ್ಯೂಬಾದ ಕ್ರಾಂತಿ ಸರ್ಕಾರ ಸಿಗಾರ್ ಕಾರ್ಖಾನೆಗಳನ್ನು ರಾಷ್ಟ್ರೀಕರಿಸಿತು. 1962ರ ಫೆಬ್ರುವರಿಯಲ್ಲಿ ಅಮೆರಿಕ ಕ್ಯೂಬಾದ ಜೊತೆ ವ್ಯಾಪಾರವನ್ನೇ ನಿಲ್ಲಿಸಿತು. ಆ ಆದೇಶಕ್ಕೆ ಸಹಿ ಹಾಕುವ ಮುನ್ನ ಅಧ್ಯಕ್ಷ ಕೆನಡಿ ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರ್ ಅವರನ್ನು ಕರೆದು, ಬೆಳಗಾಗುವುದರೊಳಗೆ ಸಾವಿರ ಪೆಟಿ ಅಪ್‌ಮನ್ ಸಿಗಾರ್ ಬೇಕೆಂದರು. ಸ್ಯಾಲಿಂಜರ್ ಊರೆಲ್ಲ ಅಲೆದು 1,200 ತಂದಿಟ್ಟ ಮೇಲೆ ಅಧ್ಯಕ್ಷರು ಮೇಜಿನ ಖಾನೆಯಿಂದ ಕಾಗದ ತೆಗೆದು ಸಹಿ ಹಾಕಿದರು. ಇದನ್ನು ಸ್ಯಾಲಿಂಜರೇ ಮೂವತ್ತು ವರ್ಷಗಳ ನಂತರ ಬರೆದಿದ್ದಾರೆ. ನಿರ್ಬಂಧಕ್ಕೆ ಮೊದಲು ಕೊಂಡ ಪೆಟ್ಟಿಗೆಗಳು ಅಮೆರಿಕದಲ್ಲಿ ಮತ್ತೆ ಸಿಗದ ವಸ್ತುಗಳಾದವು. ಇದ್ದವರು ಅಳೆದು ತೂಗಿ ಸೇದಿದರು, ಸತ್ತವರ ಪೆಟ್ಟಿಗೆಗಳು ಮಕ್ಕಳ ಕೈ ಸೇರಿದವು. ಹೀಗೆ ಉಳಿದವುಗಳಲ್ಲಿ ಚೆನ್ನಾಗಿ ಕಾದಿಟ್ಟವು ದಶಕಗಳ ನಂತರವೂ ಜೀವಂತವಾಗಿದ್ದವು.

ಇನ್ನೊಂದು ತೊಡಕು ಉಳಿದಿತ್ತು. ಪೆಟ್ಟಿಗೆಯ ವಯಸ್ಸು ಎಷ್ಟೆಂದು ನಂಬಿಕೆಯಿಂದ ಹೇಳುವುದು ಹೇಗೆ? ತಳದ ಮುದ್ರೆ ಒಂದಿಷ್ಟು ಸುಳಿವು ಕೊಡುತ್ತದೆ. ಕ್ರಾಂತಿಗೆ ಮುಂಚಿನ ಪೆಟ್ಟಿಗೆಗಳಲ್ಲಿ ಇಂಗ್ಲಿಷ್ ಬರಹ, ನಂತರದವುಗಳಲ್ಲಿ ಸ್ಪ್ಯಾನಿಷ್. ಪೂರ್ತಿ ಕೈಯಲ್ಲೇ ಸುತ್ತಿದ್ದು ಎಂಬ ಸಾಲು ಸೇರಿದ್ದು 1989ರಲ್ಲಿ. ನಿಖರವಾದ ಉತ್ತರ ಸಿಕ್ಕಿದ್ದು ಮಾತ್ರ 1985ರಿಂದ ತಳದಲ್ಲಿ ಒತ್ತತೊಡಗಿದ ಗುಟ್ಟಕ್ಷರಗಳಿಂದ. ಮೊದಲ ಗುಂಪು ಕಾರ್ಖಾನೆಯದು, ಎರಡನೆಯ ನಾಲ್ಕು ಅಕ್ಷರ ತಿಂಗಳು ಮತ್ತು ವರ್ಷದ್ದು. ಹಲವು ಪೆಟ್ಟಿಗೆಗಳನ್ನು ಸಾಲಾಗಿ ತಲೆಕೆಳಗು ಮಾಡಿಟ್ಟು ನೋಡಿದರೆ ಒಗಟು ತಾನೇ ಬಾಯಿಬಿಡುತ್ತದೆ. ನಾಲ್ಕರಲ್ಲಿ ಮೊದಲ ಅಕ್ಷರ ಯಾವಾಗಲೂ ‘ಓ’ ಅಥವಾ ‘ಎನ್’. ತಿಂಗಳ ಸಂಖ್ಯೆ 01ರಿಂದ 12ರ ತನಕ ಮಾತ್ರ ಇರುವುದರಿಂದ ಅವು ಸೊನ್ನೆ ಮತ್ತು ಒಂದು. ಮೂರನೆಯ ಅಕ್ಷರ ಮೊದಲ ಕೆಲವು ವರ್ಷ ‘ಯು’, ಆಮೇಲೆ ‘ಎಸ್’. ಎಂಬತ್ತರ ದಶಕ ಮುಗಿದು ತೊಂಬತ್ತರದು ಶುರುವಾದ ಗುರುತು. ಹೀಗೆ ಬಿಡಿಸುತ್ತ ಹೋದರೆ ಕೀಲಿ ಸಿಗುತ್ತದೆ: ನಿವೆಲಾಕುಸೊ. ಎನ್ 1, ಐ 2, ವಿ 3, ಇ 4, ಎಲ್ 5, ಎ 6, ಸಿ 7, ಯು 8, ಎಸ್ 9, ಓ 0. ತಳದಲ್ಲಿ ‘ಎಫ್‌ಪಿಜಿ, ಓಎಲ್‌ಎಸ್‌ಇ’ ಎಂದಿದ್ದರೆ ಕ್ರಾಂತಿಯ ನಂತರ ಫ್ರಾನ್ಸಿಸ್ಕೊ ಪೆರೆಸ್ ಹೆರ್ಮಾನ್ ಎಂದು ಹೆಸರು ಪಡೆದ ಹಳೆಯ ಪಾರ್ತಗಾಸ್ ಕಾರ್ಖಾನೆ, 1994ರ ಮೇ ತಿಂಗಳು. 1998ರವರೆಗೆ ಈ ಕೀಲಿ ನಡೆಯಿತು. 2000ದಿಂದ ತಿಂಗಳನ್ನು ಸ್ಪ್ಯಾನಿಷ್‌ನಲ್ಲಿ ನೇರವಾಗಿಯೇ ಒತ್ತುತ್ತಾರೆ.

ತಾರೀಖು ಖಚಿತವಾದ ಮೇಲೆ ಹೋಲಿಕೆಗೆ ಆಧಾರ ಸಿಕ್ಕಿತು. 2003ರಲ್ಲಿ ಹಾಂಗ್‌ಕಾಂಗ್‌ನಿಂದ ಮಿನ್ ರಾನ್ ನೀ ಎಂಬ ಹೆಸರಿನಲ್ಲಿ ಕ್ರಾಂತಿಯ ನಂತರದ ಹವಾನಾ ಸಿಗಾರುಗಳ ದಪ್ಪನೆಯ ಸಚಿತ್ರ ವಿಶ್ವಕೋಶವೊಂದು ಬಂತು. ವಯಸ್ಸಿನ ಪರಿಣಾಮವನ್ನು ಅದು ಹಂತಗಳಾಗಿ ಬಿಡಿಸಿಟ್ಟಿತು. ಸುತ್ತಿದ ಕೆಲವು ವಾರಗಳ ನಂತರ ಅಮೋನಿಯಾ ಕಾಡುವ ‘ಕಾಯಿಲೆಯ ಕಾಲ’. ಅದು ಕಳೆದ ಮೇಲೆ ಉಳಿದ ಹುದುಗು ಮುಗಿಯುವ ಮೊದಲ ಮಾಗುವಿಕೆ. ಆಮೇಲೆ ಚಹಾದ ಒಗರಿಗೆ ಕಾರಣವಾದಂಥ ಟ್ಯಾನಿನ್‌ಗಳು ಕರಗಿ ಹೊಗೆ ನಯವಾಗುವ ಎರಡನೆಯದು. ಬಹಳ ವರ್ಷಗಳ ನಂತರ, ಒಳ್ಳೆಯ ಎಲೆಗೆ ಮಾತ್ರ ಒಲಿಯುವ, ನವಿರಾದ ಪರಿಮಳದ ಮೂರನೆಯದು. ಪರಿಮಳಕ್ಕೆ ರಸಾಯನದ ಕಾರಣವೂ ಇದೆ. ಕ್ಯಾರೆಟ್ಟಿಗೆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳು ಎಲೆಯಲ್ಲೂ ಇವೆ. ಅವು ಒಡೆದಾಗ ಹುಟ್ಟುವ ಅಯೊನೋನ್, ಡಮಾಸ್ಕಿನೋನ್‌ಗಳು ಹೂವಿನ, ಒಣಹಣ್ಣಿನ ವಾಸನೆಯವು. ಹೊಸ ಅಕ್ಕಿ ಮುದ್ದೆಯಾಗುತ್ತದೆಂದು ನಮ್ಮ ಮನೆಗಳಲ್ಲಿ ಹಳೆಯದನ್ನು ಕೇಳಿ ಕೊಳ್ಳುವ ಹಾಗೆಯೇ, ಇಲ್ಲೂ ರೂಢಿ ಮೊದಲು ಬಂದದ್ದು, ಕಾರಣ ಆಮೇಲೆ.

ಅನುಭವಸ್ಥರು ಹಳೆಯ ಸಿಗಾರನ್ನು ನೋಡುವ ಕ್ರಮವೂ ಇದೇ ತಿಳಿವಳಿಕೆಯಿಂದ ಬೆಳೆದದ್ದು. 129 ಮಿಲಿಮೀಟರ್ ಉದ್ದದ ಒಂದು ಮಾಂಟೆಕ್ರಿಸ್ಟೊ ನಂಬರ್ 4 ಎಂದಿಟ್ಟುಕೊಳ್ಳಿ. ಮೊದಲು ಪೆಟ್ಟಿಗೆಗೇ ಮೂಗು. ಬೇವಿನ ಕುಟುಂಬಕ್ಕೆ ಸೇರಿದ ‘ಸೆಡಾರ್’ ಮರದ ವಾಸನೆ, ಅದರ ಕೆಳಗೆ ಸಿಹಿ ಎಲೆಯ ವಾಸನೆ. ಮುಗ್ಗಲು ಬಂದರೆ ಅನುಮಾನ. ಬೆರಳಿನಿಂದ ಒತ್ತಿದರೆ ಮೈ ತುಸು ತಗ್ಗಿ ಮತ್ತೆ ಏಳಬೇಕು. ಹೊದಿಕೆಯ ಎಲೆ ವಯಸ್ಸಿಗೆ ತೆಳುವಾಗಿ, ಬೇಗ ಬಿರುಕು ಬಿಡುವುದರಿಂದ ತಲೆಯ ಟೋಪಿಯನ್ನು ಹರಿತ ಅಲಗಿನಿಂದ ಕೂದಲೆಳೆಯಷ್ಟೇ ಕತ್ತರಿಸುತ್ತಾರೆ. ಹಚ್ಚುವ ಮೊದಲೊಮ್ಮೆ ಬರಿಗಾಳಿ ಎಳೆದು ನೋಡುತ್ತಾರೆ. ಉರಿಯನ್ನು ತಾಗಿಸದೆ, ಅದರ ಕಾವಿನಲ್ಲಿ ತುದಿಯನ್ನು ತಿರುಗಿಸುತ್ತ ಕೆಂಪಾಗಿಸುತ್ತಾರೆ. ಹೊಗೆಯನ್ನು ಎದೆಗೆ ಎಳೆಯುವುದಿಲ್ಲ; ಬಾಯಲ್ಲಿ ಸುಳಿಸಿ, ಸ್ವಲ್ಪ ಭಾಗವನ್ನು ಮೂಗಿನಿಂದ ಬಿಡುತ್ತಾರೆ, ಏಕೆಂದರೆ ಪರಿಮಳ ಗೊತ್ತಾಗುವುದು ಅಲ್ಲಿ. ನಿಮಿಷಕ್ಕೊಂದು ಎಳೆತ ಸಾಕು. ಅವಸರಿಸಿದರೆ ಕೆಂಡ ಕಾದು, ವರ್ಷಗಳಲ್ಲಿ ಇಳಿದ ಕಹಿ ನಿಮಿಷದಲ್ಲಿ ಮರಳುತ್ತದೆ. ಎಳೆಯ ಸಿಗಾರಿನಲ್ಲಿ ಮೊದಲ ಮೂರನೇ ಭಾಗಕ್ಕೂ ಕೊನೆಯದಕ್ಕೂ ಖಾರದ ಅಂತರ ಎದ್ದು ಕಾಣುತ್ತದೆ. ಹಳೆಯದರಲ್ಲಿ ಅದು ಸಣ್ಣ ಇಳಿಜಾರು.

ಕಾದದ್ದೆಲ್ಲ ಬಂಗಾರವಾಗುವುದಿಲ್ಲ. ಮೊದಲೇ ಹಗುರವಾಗಿದ್ದ ಸಿಗಾರ್ ಹತ್ತು ವರ್ಷಕ್ಕೆ ಸಪ್ಪೆಯಾಗಬಹುದು. ಪಾರ್ತಗಾಸ್‌ನಂಥ ಗಡುಸಿನದು ಅಷ್ಟು ಹೊತ್ತಿಗೆ ಆಗಷ್ಟೇ ತೆರೆದುಕೊಳ್ಳುತ್ತಿರುತ್ತದೆ. ಹಳೆಯದಕ್ಕೆ ಬೆಲೆ ಏರಿದಂತೆ ನಕಲಿ ಪೆಟ್ಟಿಗೆಗಳೂ ಬಂದಿವೆ. ಮತ್ತೊಂದು ಮಾತು: ವಯಸ್ಸು ಘಾಟನ್ನು ಇಳಿಸುತ್ತದೆ, ಅಪಾಯವನ್ನಲ್ಲ. ಎದೆಗೆ ಎಳೆಯದಿದ್ದರೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಭಯ ಮೂವತ್ತು ವರ್ಷದ ಸಿಗಾರಿಗೂ ಅಂಟಿಕೊಂಡೇ ಇದೆ.

ಗಿರಾಕಿಗಳು ಕಂಡುಕೊಂಡದ್ದು ಕೊನೆಗೆ ತಯಾರಕರ ಬಾಗಿಲಿಗೂ ಬಂತು. 2003ರಲ್ಲಿ ಕ್ಯೂಬಾದ ಸಿಗಾರುಗಳನ್ನು ಜಗತ್ತಿಗೆ ಮಾರುವ ಹಬಾನೊಸ್ ಕಂಪನಿ, ಕನಿಷ್ಠ ಮೂರು ವರ್ಷ ಮಾಗಿಸಿದ ಎಲೆಯ ‘ರೆಸೆರ್ವಾ’ ಸರಣಿ ಶುರುಮಾಡಿತು. 2015ರಲ್ಲಿ ಇನ್ನೂ ಮುಂದೆ ಹೋಗಿ, ಸುತ್ತಿ ಪೆಟ್ಟಿಗೆಗೆ ತುಂಬಿದ ಸಿಗಾರುಗಳನ್ನೇ ಕ್ಯೂಬಾದಲ್ಲಿ ಐದರಿಂದ ಎಂಟು ವರ್ಷ ಇರಿಸಿ ‘ಅನ್ಯೆಹಾದೊಸ್’ ಹೆಸರಿನಲ್ಲಿ ಮಾರಿತು. ಲಂಡನ್ನಿನ ಅಂಗಡಿಯವರು ಯಾವಾಗಲೋ ರೂಢಿಸಿಕೊಂಡ ಕೆಲಸಕ್ಕೆ ಹವಾನಾ ತನ್ನ ಮುದ್ರೆ ಒತ್ತಿತು. ಆದರೂ ಹಳೆಯ ಗಿರಾಕಿಗಳು ಆ ಮುದ್ರೆಯೊಂದನ್ನೇ ನಂಬಿ ಕೂರುವುದಿಲ್ಲ. ಒಂದೇ ತಾರೀಖಿನ ಎರಡು ಪೆಟ್ಟಿಗೆ ಕೊಳ್ಳುತ್ತಾರೆ. ಒಂದರಿಂದ ಆಗಾಗ ಒಂದೊಂದು ಸೇದಿ, ರುಚಿ ಹೇಗಿತ್ತೆಂದು ಬರೆದಿಡುತ್ತಾರೆ. ಆ ಬರಹ ನೋಡಿಕೊಂಡು ಎರಡನೆಯದನ್ನು ಯಾವಾಗ ತೆರೆಯಬೇಕೆಂದು ತೀರ್ಮಾನಿಸುತ್ತಾರೆ. ಈ ರುಚಿ ಪತ್ತೆಯಾದದ್ದೂ ಹಾಗೆಯೇ, ತಾಳ್ಮೆಯ ಹೋಲಿಕೆಯಿಂದ. ಅದಕ್ಕಿಂತ ಚಿಕ್ಕ ದಾರಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ.