ಬಾಲವಾಡಿಯ ‘ಮಾವಶಿ’ಯೂ ಶಿಕ್ಷಕಿಯೇ

ಶಹಾಡ್: ಕಲ್ಯಾಣ್ ದಾಟಿ ಕಸಾರಾ ಕಡೆಗೆ ಹೋಗುವ ಲೋಕಲ್‌ಗೆ ಮೊದಲು ಸಿಗುವ ನಿಲ್ದಾಣ ಶಹಾಡ್. ಬಿರ್ಲಾ ಮಂದಿರ, ಸೆಂಚುರಿ ರೇಯಾನ್‌ಗಳಿಂದ ಹೆಸರಾದ ಈ ಪರಿಸರದ ತುಳು-ಕನ್ನಡಿಗರಿಗೆ ಅಂಗನವಾಡಿ ಹೊಸತಲ್ಲ. ಅಲ್ಲಿನ ಸೇವಿಕೆಯನ್ನು ‘ಬಾಯಿ’ ಎಂದು ಗೌರವಿಸುವ ಪಾಲಕರಿಗೆ, ಪಕ್ಕದಲ್ಲಿರುವ ಮದತನೀಸ್ ಮಾತ್ರ ಅಡುಗೆಯ ಮಾವಶಿಯಾಗಿಯೇ ಉಳಿದಿದ್ದಾರೆ.

ಅಂಗನವಾಡಿಯ ಕಲ್ಪನೆ ಬೆಳೆದದ್ದು ಹಳೆಯ ಥಾಣೆ ಜಿಲ್ಲೆಯಲ್ಲೇ ಎಂಬುದು ಹಲವರಿಗೆ ತಿಳಿಯದು. 1945ರಲ್ಲಿ ತಾರಾಬಾಯಿ ಮೋಡಕ್ ಬೋರ್ಡಿಯಲ್ಲಿ (2014ರಿಂದ ಪಾಲ್ಘರ್ ಜಿಲ್ಲೆ) ಕೆಲಸ ಆರಂಭಿಸಿದರು. ಬಡ ಮಕ್ಕಳು ಶಾಲೆಗೆ ಬಾರದಾಗ ಶಾಲೆಯೇ ಅವರ ಅಂಗಳಕ್ಕೆ ಹೋಯಿತು. ಅವರ ಸಹಾಯಕಿಯಾಗಿ ಬಂದ ಅನುತಾಯಿ ವಾಘ್ ಮುಂದೆ ಕೋಸಬಾಡ್‌ನಲ್ಲಿ ಆ ಕಾರ್ಯವನ್ನು ಬೆಳೆಸಿ ಪದ್ಮಶ್ರೀ ಪುರಸ್ಕೃತರಾದರು. 1975ರ ಅಕ್ಟೋಬರ್ 2ರಂದು 33 ಕಡೆ ಸರಕಾರಿ ಯೋಜನೆ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಟಿ. ನರಸೀಪುರ.

ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಕೈ ತೊಳೆಸುವುದು, ಉಣಿಸುವುದು, ಅತ್ತರೆ ಎತ್ತಿಕೊಳ್ಳುವುದು ಸಹಾಯಕಿಯ ಪಾಲಿನ ಕೆಲಸ. ಸೇವಿಕೆ ರಜೆ ಹಾಕಿದರೆ ಹಾಡು, ಆಟವೂ ಅವರದ್ದೇ. ಮನೆಯಲ್ಲಿ ಕನ್ನಡ ಮಾತ್ರ ಕೇಳಿ ಬೆಳೆದ ಮೂರು ವರ್ಷದ ಮಗು ‘ನೀರು’ ಎಂದಾಗ, ಮರಾಠಿಯ ‘ಪಾಣಿ’ಯನ್ನು ಕೈಗೆ ಲೋಟ ಕೊಟ್ಟು ಕಲಿಸುವವರು ಇವರು. ಇದು ಪಾಠವಲ್ಲದೆ ಮತ್ತೇನು?

ಸಂಬಳದ ಪುಸ್ತಕ ಮಾತ್ರ ಬೇರೆ ಕಥೆ ಹೇಳುತ್ತದೆ. 2018ರಲ್ಲಿ ಕೇಂದ್ರವು ಸಹಾಯಕಿಯ ಮಾಸಿಕ ಗೌರವಧನವನ್ನು 1,500 ರೂ.ನಿಂದ 2,250 ರೂ.ಗೆ ಏರಿಸಿತು, ರಾಜ್ಯದ ಪಾಲು ಪ್ರತ್ಯೇಕ. ‘ಗೌರವಧನ’ ಎಂಬ ಒಂದು ಶಬ್ದದಿಂದಲೇ ಎಷ್ಟೋ ಹಕ್ಕುಗಳು ಕೈತಪ್ಪಿದ್ದವು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಸೇವಿಕೆಯರಂತೆ ಸಹಾಯಕಿಯರೂ ಗ್ರಾಚ್ಯುಟಿಗೆ ಅರ್ಹರು ಎಂದು ತೀರ್ಪಿತ್ತಿತು. ದುಡಿದ ಪ್ರತಿ ವರ್ಷಕ್ಕೆ 15 ದಿನದ ವೇತನವೆಂದರೆ ನಿವೃತ್ತಿಯ ಕಾಲಕ್ಕೆ ಅದು ಸಣ್ಣ ಮೊತ್ತವೇನಲ್ಲ. ಅದೇ ವರ್ಷದ ಕೇಂದ್ರ ಮಾರ್ಗಸೂಚಿಯಲ್ಲಿ ಅನುಭವಿ ಸಹಾಯಕಿಯರಿಗೆ ಸೇವಿಕೆಯಾಗಿ ಬಡ್ತಿಯ ಅವಕಾಶವೂ ಸೇರಿದೆ.

ಇವೆಲ್ಲ ಸರಕಾರಿ ಕೇಂದ್ರಗಳ ಮಾತಾಯಿತು. ಖಾಸಗಿ ನರ್ಸರಿಗಳ ಆಯಾಗಳಿಗೆ ನೇಮಕ ಪತ್ರವೇ ಅಪರೂಪ. ಬಾಲವಾಡಿ ನಡೆಸುವ ಕನ್ನಡ ಸಂಘಗಳು ಅವರಿಗೊಂದು ಪತ್ರ, ಬ್ಯಾಂಕ್ ಖಾತೆಗೆ ಸಂಬಳ, ವಾರ್ಷಿಕೋತ್ಸವದ ವೇದಿಕೆಯಲ್ಲಿ ಶಿಕ್ಷಕಿಯರ ಸಾಲಿನಲ್ಲೇ ಕುರ್ಚಿ ಕೊಡಲು ಯಾವ ಕಾನೂನಿಗೂ ಕಾಯಬೇಕಿಲ್ಲ.